ಬತ್ತಿ ಬಳಗದ ಪ್ರಾರಂಭೋತ್ಸವ

ಬೆಳಗಿನ ಐದೂವರೆಗೆ ಎದ್ದು, ಒಬ್ಬ ಮುದುಕ ಹತ್ತಿಯ ಬತ್ತಿ ಹೊಸೆಯುವುದನ್ನು ನೋಡಲು ಒಂಬೈನೂರು ಜನ ಕಾದಿರುತ್ತಾರೆ ಎಂದು ಯಾರಾದರೂ ನನಗೆ ಹೇಳಿದ್ದರೆ, ಅವರನ್ನು ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಡುತ್ತಿದ್ದೆ. ಈಗ ನಾನೇ ಆ ಮಾತು ಹೇಳುತ್ತಿದ್ದೇನೆ. ಮಜ್ಜಿಗೆ ಕೊಡುವವರು ಕೊಡಬಹುದು.

ನನ್ನ ಹೆಸರು ನಾರಾಯಣ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರಿಗೂ ನಾಣಿ ಸಾರ್. ಪ್ರೌಢಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನು, ವಯಸ್ಸು ಎಪ್ಪತ್ತನಾಲ್ಕು. ಸುಮಾರು ಮೂರು ವರ್ಷದ ಹಿಂದೆ ನನ್ನ ಎದೆಗೆ ಸ್ಟೆಂಟ್ ಹಾಕಿದರು. ಅದು ವೈದ್ಯರ ಕೆಲಸ ಎಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಪುಟ್ಟಲಕ್ಷ್ಮಿ ಹಾಗೆ ತಿಳಿಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೇ ಲಕ್ಷಬತ್ತಿಯ ಹರಕೆ ಹೊತ್ತಳು: ಮನೆಯಲ್ಲಿ ಕೈಯಿಂದ ಹೊಸೆದ ಒಂದು ಲಕ್ಷ ಹೂಬತ್ತಿ, ಮೂರನೆಯ ಕಾರ್ತಿಕ ಹುಣ್ಣಿಮೆಯೊಳಗೆ, ದೇವರ ಮುಂದೆ ಉರಿಸುವುದು, ಪ್ರತಿಯಾಗಿ ದೇವರು ನನಗೆ ಆಯುಸ್ಸು ಕೊಡುವುದು. ವ್ಯವಹಾರ ಅವರಿಬ್ಬರ ನಡುವೆ ನಡೆದದ್ದು. ನನ್ನನ್ನು ಯಾರೂ ಕೇಳಲಿಲ್ಲ.

ಅವಳು ಹತ್ತು ಸ್ಟೀಲ್ ಡಬ್ಬ ಜೋಡಿಸಿದಳು. ಡಬ್ಬಕ್ಕೆ ಹತ್ತು ಸಾವಿರ. ಆರು ತುಂಬಿದವು. ಏಳನೆಯದರ ಮುಚ್ಚಳ ತೆಗೆದಿಟ್ಟವಳು ಹೋದ ವರ್ಷ ಭಾದ್ರಪದದಲ್ಲಿ ಜ್ವರ ಎಂದು ಮಲಗಿದಳು. ನಾಲ್ಕನೆಯ ದಿನ ಹೋಗಿಬಿಟ್ಟಳು. ಆಯುಸ್ಸು ಕೇಳಿದ್ದು ನನಗೆ, ಹೋದದ್ದು ಅವಳು. ಈ ಲೆಕ್ಕ ಹೇಗೆ ಸರಿಹೋಗುತ್ತದೆ ಎಂದು ದಿನವೂ ದೇವರನ್ನು ಕೇಳುತ್ತೇನೆ. ಅವನ ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ.

ಒಂದು ವರ್ಷ ಮನೆಯಲ್ಲಿ ಹಬ್ಬವಿಲ್ಲ, ವ್ರತವಿಲ್ಲ. ಈ ಭಾದ್ರಪದದಲ್ಲಿ ವರ್ಷಾಬ್ದಿಕ ಮುಗಿದ ಮರುದಿನವೇ ಪುರೋಹಿತರನ್ನು ಕೇಳಿದೆ.

"ಹೆಂಡತಿ ಸಂಕಲ್ಪ ಗಂಡ ಪೂರೈಸಬಹುದು, ದೋಷ ಇಲ್ಲ" ಎಂದರು ಅವರು. "ಆದ್ರೆ ಅಂಗಡಿ ಬತ್ತಿ ಬೇಡಿ. ಭಕ್ತಿಯಿಂದ ಕೈಯಲ್ಲಿ ಹೊಸೆದದ್ದಾಗಬೇಕು. ಕೈ ಯಾರದ್ದಾದ್ರೂ ಸರಿ."

ಇದ್ದದ್ದು ನನ್ನ ಕೈ ಒಂದೇ. ಆ ಕೈ ಮೂವತ್ತೈದು ವರ್ಷ ರಬ್ಬರ್ ಮೊಹರು ಒತ್ತಿದ ಕೈ. ನಾನು ಹೊಸೆದದ್ದು ಬತ್ತಿಯ ಹಾಗೆ ಕಾಣಲಿಲ್ಲ, ಸತ್ತ ಸೊಳ್ಳೆಯ ಹಾಗೆ ಕಂಡಿತು.

ಮಹಡಿಯಲ್ಲಿ ಬಾಡಿಗೆಗಿರುವ ಸ್ಪಂದನ ನನ್ನ ಸಂಕಟ ನೋಡಿದಳು. ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಬಲು ಚುರುಕು.

"ಅಂಕಲ್, ಬತ್ತಿ ಮಾಡೋದಕ್ಕೂ ವಿಡಿಯೋ ಇರುತ್ತೆ. ನೋಡ್ಕೊಂಡು ಮಾಡಿ" ಎಂದು ಹೇಳಿ, ನನ್ನ ಮೊಬೈಲಿಗೆ ಏನೋ ಹಾಕಿಕೊಟ್ಟು, ಇಲ್ಲಿ ಒತ್ತಿ ಎಂದು ತೋರಿಸಿ ಕೆಲಸಕ್ಕೆ ಹೋದಳು.

ಮರುದಿನ ಬೆಳಗಿನ ಐದೂವರೆಗೆ ಸ್ನಾನ ಮಾಡಿ, ಮೊಬೈಲನ್ನು ಪಂಚಾಂಗಕ್ಕೆ ಒರಗಿಸಿ, ಒತ್ತಿದೆ. ಅಲ್ಲಿ ಒತ್ತಿದೆನೋ ಅದರ ಪಕ್ಕದಲ್ಲಿ ಒತ್ತಿದೆನೋ, ಈಗ ವಾದಿಸಿ ಫಲವಿಲ್ಲ. ಪರದೆಯ ಮೇಲೆ ಒಬ್ಬ ಮುದುಕ ಕಾಣಿಸಿಕೊಂಡ. ಬನಿಯನ್ನಿನಲ್ಲಿ ಕುಳಿತಿದ್ದ. ಮುಖ ನೋಡಿದರೇ ಇವನಿಗೆ ಏನೂ ಬರುವುದಿಲ್ಲ ಎಂದು ತಿಳಿಯುತ್ತಿತ್ತು. ಇಂಥವನೇ ಕಲಿಸಲು ಕೂತಿರುವಾಗ ನಾನು ಕಲಿಯಬಲ್ಲೆ ಎಂದು ಧೈರ್ಯ ಬಂತು. ಹತ್ತಿ ತೆಗೆದುಕೊಂಡೆ, ಅವನೂ ತೆಗೆದುಕೊಂಡ. ಅವನು ಮೊದಲು ಶುರುಮಾಡಲಿ ಎಂದು ಕಾದೆ, ಅವನೂ ಕಾದ. ಐದು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಕುಳಿತೆವು.

ಕೊನೆಗೆ ಕನ್ನಡಕ ಹಾಕಿಕೊಂಡು ನೋಡಿದರೆ ಅವನ ಹಿಂದಿನ ಗೋಡೆಯ ಮೇಲೆ ಪುಟ್ಟಲಕ್ಷ್ಮಿಯ ಫೋಟೋ ಇತ್ತು.

"ನನ್ನ ಹೆಂಡತಿ ಫೋಟೋ ನಿಮ್ಮನೇಲಿ ಯಾಕಪ್ಪಾ ಇದೆ?" ಎಂದು ಕೇಳಿದೆ. ಅವನ ತುಟಿಯೂ ಹಾಗೆಯೇ ಆಡಿತು.

ಆಗ ತಿಳಿಯಿತು, ಮೊಬೈಲು ಕನ್ನಡಿಯಾಗಿದೆ ಎಂದು. ಇರಲಿ, ಕನ್ನಡಿಯೂ ಉಪಯೋಗದ ವಸ್ತುವೇ ಎಂದು ನನ್ನ ಪಾಡಿಗೆ ಹೊಸೆಯತೊಡಗಿದೆ. ಹೊಸೆಯುತ್ತಾ ಫೋಟೋದ ಜೊತೆ ಮಾತಾಡುವುದು ನನ್ನ ಅಭ್ಯಾಸ. "ನೋಡೇ, ಇದು ಬತ್ತಿಯೋ ಸೊಳ್ಳೆಯೋ ನೀನೇ ಹೇಳು" ಎಂದೆ. "ನಂಗೆ ಆಯುಸ್ಸು ಕೇಳು ಅಂತ ನಿಂಗೆ ಯಾರು ಹೇಳಿದ್ದು" ಎಂದು ಬೈದೆ. ಕಡೆಯಲ್ಲಿ ದಿನವೂ ಹೇಳುವ ಮಾತನ್ನು ಹೇಳಿದೆ: "ಇದೊಂದು ಮುಗಿಸಿಬಿಟ್ಟು ಬೇಗ ಬಂದ್ಬಿಡ್ತೀನಿ ಕಣೇ."

ಅಷ್ಟರಲ್ಲಿ ಕನ್ನಡಿಯ ಕೆಳಗಿನಿಂದ ಅಕ್ಷರಗಳು ಏಳತೊಡಗಿದವು. "ಅಜ್ಜಾ, ಮೊದಲು ಹತ್ತಿ ಬೀಜ ಬಿಡಿಸಿಕೊಳ್ಳಿ." "ಬೆರಳನ್ನ ಹಾಲಲ್ಲಿ ಅದ್ದಿ ಹೊಸೀರಿ, ನೆಟ್ಟಗೆ ನಿಲ್ಲುತ್ತೆ." ಒಂದು ಕ್ಷಣ ಭಗವಂತನೇ ಬರೆದು ತಿಳಿಸುತ್ತಿದ್ದಾನೆ ಎನ್ನಿಸಿತು. ಆದರೆ ಭಗವಂತ ಕೆಳಗೆ "ಗುರುದೇವಿ, ಕೆಂಗೇರಿ ಉಪನಗರ" ಎಂದು ಹೆಸರು ಹಾಕುವುದಿಲ್ಲ.

ಒಂದು ಗಂಟೆ ಹನ್ನೊಂದು ನಿಮಿಷ ನಾನು ಲೋಕಕ್ಕೆಲ್ಲ ಕಾಣಿಸುತ್ತಿದ್ದೆನಂತೆ. ಇದನ್ನು ತಿಳಿಸಿದವಳು ಅತ್ತೆಮನೆಯಲ್ಲಿರುವ ನನ್ನ ಮಗಳು ರಾಗಿಣಿ.

"ಅಪ್ಪಾ, ಲೈವ್ ಬರೋದಿದ್ರೆ ಒಂದು ಷರ್ಟಾದ್ರೂ ಹಾಕ್ಕೋಬಾರ್ದಿತ್ತಾ? ನಮ್ಮತ್ತೆ ಕಾಫಿ ಕುಡೀತಾ ನಿಮ್ಮನ್ನೇ ನೋಡ್ತಾ ಕೂತಿದ್ರು."

"ಏನಂದ್ರು?"

"ಎಡಗೈ ಹೆಬ್ಬೆರಳು ಜಾಸ್ತಿ ಒತ್ತುತ್ತಾರೆ ನಿಮ್ಮಪ್ಪ, ಅಂದ್ರು."

ಮರುದಿನ ಷರ್ಟು ಹಾಕಿಕೊಂಡು ಕುಳಿತೆ. ಕಲಿಸಿಕೊಟ್ಟವರಿಗೆ ಮುಖ ತೋರಿಸದಿರುವುದು ಸಭ್ಯತೆಯಲ್ಲ. ಮೊದಲ ದಿನ ನಲವತ್ತು ಜನ, ಹತ್ತನೆಯ ದಿನ ಒಂಬೈನೂರು. ಶಿವಮೊಗ್ಗದಿಂದ ತುಂಗಾ ಎನ್ನುವವರು ತಾವೂ ಹೊಸೆಯುತ್ತಾ ತೋರಿಸಿದರು. ಡೊಂಬಿವಲಿಯಿಂದ ಒಬ್ಬರು, ಆಕ್ಲೆಂಡಿನಿಂದ ಒಬ್ಬರು. ಅಲ್ಲಿ ಆಗ ಮಧ್ಯಾಹ್ನವಂತೆ. ಸಮುದ್ರದಾಚೆ ಒಬ್ಬ ಹೆಣ್ಣುಮಗಳು ಊಟದ ಹೊತ್ತಿನಲ್ಲಿ ಬತ್ತಿ ಹೊಸೆಯುತ್ತಿದ್ದಾಳೆ, ನನ್ನ ಹೆಬ್ಬೆರಳು ಸರಿಯಿಲ್ಲ ಎಂದು ಅಲ್ಲಿಂದ ಚಿಂತಿಸುತ್ತಿದ್ದಾಳೆ ಎಂಬುದನ್ನು ನೆನೆದರೆ ಇವತ್ತಿಗೂ ಕೈ ಮುಗಿಯುವಂತಾಗುತ್ತದೆ.

ಎದುರು ಮನೆಯ ಯೋಗಾನಂದನೂ ಕೈ ಮುಗಿದ. ಅವನ ಕಾರಣ ಬೇರೆ.

ಯೋಗಾನಂದ ಎಲ್ಲಿ ನೋಡಿದರೂ ಬಿಸಿನೆಸ್ ಕಾಣುವ ಮನುಷ್ಯ. ಗ್ಯಾರೇಜಿನಲ್ಲಿ ಅಣಬೆ ಬೆಳೆದಿದ್ದ, ತಾರಸಿಯ ಮೇಲೆ ಮೀನು ಸಾಕಿದ್ದ. ಮೊದಲನೆಯದನ್ನು ಇಲಿಗೂ ಎರಡನೆಯದನ್ನು ಬೆಕ್ಕಿಗೂ ಒಪ್ಪಿಸಿದ್ದ. ಆ ವಾರ ವಿಜಯನಗರದ ಹಾಲೊಂದರಲ್ಲಿ ಇಂಟರ್ನೆಟ್ ವ್ಯಾಪಾರದ ಬಗ್ಗೆ ಉಪನ್ಯಾಸ ಕೇಳಿ ಬಂದಿದ್ದ.

"ನಾಣಿ ಸಾರ್, ನಿಮಗೆ ಗೊತ್ತಿಲ್ಲ, ನೀವು ಚಿನ್ನದ ಗಣಿ ಮೇಲೆ ಕೂತಿದೀರಿ."

"ನಾನು ಮಣೆ ಮೇಲೆ ಕೂತಿದೀನಿ ಕಣಯ್ಯಾ."

"ಕೇಳಿ ಸಾರ್. ಎಲ್ಲಾರಿಗೂ ಎಲ್ಲಾನೂ ತೋರಿಸೋ ದೊಡ್ಡ ಸೈಟುಗಳ ಕಾಲ ಮುಗೀತು. ಈಗ ಚಿಕ್ಕದಕ್ಕೇ ಬೆಲೆ. ಒಂದೇ ವಿಷಯ, ಅದಕ್ಕೇ ಒಂದು ಸೈಟು, ಅದನ್ನೇ ಪ್ರಾಣ ಅಂದ್ಕೊಂಡಿರೋ ಜನ. ಎಷ್ಟು ಸಣ್ಣ ವಿಷಯಾನೋ ಅಷ್ಟು ದೊಡ್ಡ ಬಿಸಿನೆಸ್. ಬತ್ತಿಗಿಂತ ಸಣ್ಣದು ಏನಿದೆ ಹೇಳಿ."

ನಾನು ಯೋಚಿಸಿದೆ. ಸಾಸಿವೆ ಎನ್ನಿಸಿತು, ಅವನ ಉತ್ಸಾಹಕ್ಕೆ ಭಂಗ ಬೇಡವೆಂದು ಹೇಳಲಿಲ್ಲ.

ಆಮೇಲೆ ಡಬ್ಬಗಳ ಮುಂದೆ ಕುಳಿತು ನನ್ನ ಲೆಕ್ಕವನ್ನೂ ಅವನೇ ಹಾಕಿದ. "ಬಾಕಿ ನಲವತ್ತು ಸಾವಿರ. ನೀವು ದಿನಕ್ಕೆ ನಲವತ್ತು. ಅಂದ್ರೆ ಎರಡು ವರ್ಷ ಒಂಬತ್ತು ತಿಂಗಳು ಬೇಕು ಸಾರ್. ಕಾರ್ತಿಕ ಹುಣ್ಣಿಮೆಗೆ ಎರಡು ತಿಂಗಳೂ ಇಲ್ಲ."

ಅದು ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಆ ದಿನ ಊಟ ಸೇರಲಿಲ್ಲ.

ಸ್ಪಂದನ ಎರಡು ಭಾನುವಾರ ಕೂತು ಸೈಟು ಕಟ್ಟಿದಳು. "ಬತ್ತಿ ಬಳಗ" ಎಂದು ನಾನೇ ನಾಮಕರಣ ಮಾಡಿದೆ. ಹೂಬತ್ತಿಗೊಂದು ವಿಭಾಗ, ಎಳೆಬತ್ತಿಗೊಂದು, ಸಂದೇಹ ಪರಿಹಾರಕ್ಕೊಂದು. ಮೂರು ವಾರದಲ್ಲಿ ನಾಲ್ಕು ಸಾವಿರ ಜನ ಸೇರಿದರು. ಸೇರಿದವರು ಮೊದಲು ಮಾಡಿದ ಕೆಲಸ ಎರಡು ಪಕ್ಷವಾದದ್ದು. ಬೆರಳಿಗೆ ಹಾಲು ಮುಟ್ಟಿಸಿಕೊಂಡು ಹೊಸೆಯುವವರು ಒಂದು ಕಡೆ, ವಿಭೂತಿ ಮುಟ್ಟಿಸಿಕೊಂಡು ಹೊಸೆಯುವವರು ಇನ್ನೊಂದು ಕಡೆ. ಹಾಲಿನವರ ಬತ್ತಿಗೆ ಇರುವೆ ಬರುತ್ತದೆ ಎಂದು ಇವರು. ವಿಭೂತಿಯವರ ಬತ್ತಿ ಚಿಟಿಚಿಟಿ ಅನ್ನುತ್ತದೆ ಎಂದು ಅವರು. ಗುರುದೇವಿಯವರು ಹಾಲಿನ ಪಕ್ಷದ ಸೇನಾಧಿಪತಿ. ತುಂಗಾ ಅವರು ವಿಭೂತಿ. ನಾನು ಶಾಂತಿ ಬೇಕೆಂದು "ನೀರಿನಲ್ಲಿ ಅದ್ದಿದರೆ ಹೇಗೆ?" ಎಂದು ಕೇಳಿದ್ದಕ್ಕೆ ಎರಡು ಪಕ್ಷವೂ ಒಂದಾಗಿ ನನ್ನ ಮೇಲೆ ಬಿದ್ದವು.

"ಜಗಳ ನೋಡಿದ್ರಾ ಸಾರ್?" ಎಂದು ಯೋಗಾನಂದ ಪುಳಕಿತನಾದ. "ಜಗಳ ಆಡೋಕೆ ದಿನಾ ಬರ್ತಾರೆ. ದಿನಾ ಬರೋ ಜನಾನೇ ಬಂಡವಾಳ." ಮಲ್ಲತ್ತಹಳ್ಳಿಯ ಮಹದೇವ್ ಎನ್ನುವವರನ್ನು ಅವನು ಆಗಲೇ ಮಾತಾಡಿಸಿದ್ದ. ಅವರ ಹಿರಿಯರ ರಾಗಿ ಹೊಲಗಳೆಲ್ಲ ಬಡಾವಣೆಯಾಗಿ, ಈಗ ಅವರಿಗೆ ಮೂರು ಕಲ್ಯಾಣ ಮಂಟಪಗಳಿವೆ. ಹೊಸದೇನಾದರೂ ಇದ್ದರೆ ದುಡ್ಡು ಹಾಕೋಣ ಎಂದಿದ್ದರಂತೆ. ಕಾರ್ತಿಕ ಶುದ್ಧ ದಶಮಿ ಭಾನುವಾರ ಸಂಜೆ ನಾಲ್ಕಕ್ಕೆ ಸೈಟಿನ ಪ್ರಾರಂಭೋತ್ಸವವೆಂದೂ, ಮಹದೇವ್ ನಮ್ಮ ಮನೆಗೇ ಬಂದು ನೋಡುವರೆಂದೂ ನಿಶ್ಚಯವಾಯಿತು. ಆ ಹೊತ್ತಿಗೆ ಎಲ್ಲ ಸದಸ್ಯರೂ ಅವರವರ ಮನೆಯಿಂದಲೇ ಮೊಬೈಲಿನಲ್ಲಿ ಬರಬೇಕು. ಅಷ್ಟು ಜನ ಒಟ್ಟಿಗೆ ಬಂದದ್ದನ್ನು ಪರದೆಯ ಮೇಲೆ ತೋರಿಸಿ ಮಹದೇವರನ್ನು ಬೆರಗುಗೊಳಿಸಬೇಕು. ಇದು ಯೋಗಾನಂದನ ಯೋಜನೆ.

"ಒಂದು ಇನ್ವಿಟೇಷನ್ ಬರೀರಿ ಸಾರ್. ನಿಮ್ಮ ಕನ್ನಡ ಚೆನ್ನಾಗಿದೆ."

ಶಾಲೆಯ ಮೂವತ್ತೈದು ವಾರ್ಷಿಕೋತ್ಸವಕ್ಕೂ, ಬಂಧುಗಳ ಲೆಕ್ಕವಿಲ್ಲದಷ್ಟು ಮದುವೆ ಮುಂಜಿಗೂ ಆಹ್ವಾನ ಪತ್ರಿಕೆ ಬರೆದವನು ನಾನು. ಒಂದು ಗಂಟೆಯಲ್ಲಿ ಬರೆದೆ. ಇಷ್ಟದೇವತಾ ಸ್ಮರಣೆ, ಸಂವತ್ಸರ, ಮಾಸ, ತಿಥಿ. ತಾವು ಸಕುಟುಂಬ ಪರಿವಾರ ಸಮೇತರಾಗಿ ಒಂದು ಗಳಿಗೆ ಮುಂಚಿತವಾಗಿಯೇ ದಯಮಾಡಿಸಿ, ಅರಿಶಿನ ಕುಂಕುಮ ತಾಂಬೂಲಗಳನ್ನು ಸ್ವೀಕರಿಸಿ ನಮ್ಮನ್ನು ಸಂತೋಷಪಡಿಸಬೇಕಾಗಿ ವಿನಂತಿ. ಕೆಳಗೆ, ಸ್ಥಳ: ನಮ್ಮ ಸ್ವಗೃಹ, ಮನೆಯ ನಂಬರು, ಅಡ್ಡರಸ್ತೆ, ಹಾಲಿನ ಬೂತಿನ ಎದುರು. ಸ್ಥಳವಿಲ್ಲದ ಆಹ್ವಾನ ಪತ್ರಿಕೆಯನ್ನು ನಾನು ಜನ್ಮದಲ್ಲಿ ಬರೆದಿಲ್ಲ.

ಆ ಹೊತ್ತಿಗೆ ಯೋಗಾನಂದ ಮಹದೇವರಿಗೆ ಆಹ್ವಾನ ಹೇಳಲು ಹೋಗಿದ್ದ, ಪತ್ರಿಕೆ ನೋಡಲಿಲ್ಲ. ಸ್ಪಂದನ ಓದಿ ಸೈಟಿಗೆ ಹಾಕಿದಳು. ಓದಿದಳೆಂದು ನಾನು ನಂಬಿದ್ದೆ. "ಸಂವತ್ಸರದ ತನಕ ಓದಿದೆ ಅಂಕಲ್, ಆಮೇಲೆ ಸುಸ್ತಾಯ್ತು" ಎಂದು ಅವಳು ಒಪ್ಪಿಕೊಂಡದ್ದು ನಂತರ.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಬೀದಿಯ ಮೂಲೆಯಲ್ಲಿ ಹೂ ಮಾರುವ ಲಿಂಗಮ್ಮ ಓಡಿ ಬಂದಳು.

"ಸಾಮೀ, ನಿಮ್ಮನೇಗೆ ಯಾವುದಾನಾ ದೇವ್ರು ಬಂದಯ್ತಾ?"

"ಯಾಕಮ್ಮಾ?"

"ಹೆಂಗಸ್ರು ಆಟೋದಾಗೆ ಬಂದು ಇಳೀತಾನೇ ಅವ್ರೆ. ಎಲ್ರೂ ನಾಣಿ ಸಾರ್ ಮನೆ ಅಂತಾರೆ. ನನ್ನ ಹೂವೆಲ್ಲಾ ಖಾಲಿ ಆಗೋಯ್ತು."

ಗೇಟಿನ ಹತ್ತಿರ ಬಂದು ನೋಡಿದೆ. ವಿಜಯನಗರದ ಮೆಟ್ರೋ ಕಡೆಯಿಂದ ಆಟೋಗಳು ಸಾಲಾಗಿ ಬರುತ್ತಿದ್ದವು. ರೇಷ್ಮೆ ಸೀರೆಯವರು, ಸ್ಕೂಟರಿನವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು, ತುಮಕೂರಿನಿಂದ ವ್ಯಾನು ಮಾಡಿಕೊಂಡು ಬಂದವರು. ಬಳಗದವರು ನನ್ನ ಪತ್ರಿಕೆಯನ್ನು ಅಕ್ಷರಶಃ ಪಾಲಿಸಿದ್ದರು: ಸಕುಟುಂಬ ಬಂದಿದ್ದರು, ಒಂದು ಗಳಿಗೆ ಮುಂಚಿತವಾಗಿಯೇ ಬಂದಿದ್ದರು.

ಅರಿಶಿನ ಕುಂಕುಮ ಕೊಡಲು ಮನೆಯಲ್ಲಿ ಮುತ್ತೈದೆಯಿಲ್ಲ. ರಾಗಿಣಿಗೆ ಫೋನು ಮಾಡಿದೆ. ಅವಳು ಆಗಲೇ ಬೀದಿಯ ತುದಿಯಲ್ಲಿ ಸಿಕ್ಕಿಕೊಂಡಿದ್ದಳು. ಅತ್ತೆಯೂ ಪತ್ರಿಕೆ ಓದಿ ಹೊರಟಿದ್ದರು.

"ಅಪ್ಪಾ, ಎಷ್ಟು ಜನಾನ್ನ ಕರೆದಿದೀರಾ?"

"ನಾಲ್ಕು ಸಾವಿರ."

"ಮನೇಲಿ ಕಾಫಿಪುಡಿ ಎಷ್ಟಿದೆ?" ಎಂದಳು.

"ನನಗೆ ಎರಡು ದಿನಕ್ಕೆ ಆಗೋಷ್ಟಿದೆ."

ಸಂಚಾರ ನೋಡಿಕೊಳ್ಳುವ ಕಾನ್‌ಸ್ಟೇಬಲ್ ಒಬ್ಬರು ಬಂದರು. "ಯಾವ ಸ್ವಾಮಿಗಳು ಬಂದಿದಾರೆ ಸಾರ್? ಪರ್ಮಿಷನ್ ತಗೊಂಡಿದೀರಾ?"

"ಯಾರೂ ಬಂದಿಲ್ಲ. ಇವರೆಲ್ಲ ಕಂಪ್ಯೂಟರಿನಲ್ಲಿರೋರು" ಎಂದೆ.

ಅವರು ಗುಂಪನ್ನು ನೋಡಿದರು. "ಹೊರಗೆ ಬಂದ್ಬಿಟ್ಟಿದಾರಲ್ಲ ಸಾರ್." ಅಷ್ಟರಲ್ಲಿ ಗುಂಪಿನೊಳಗಿಂದ ಅವರ ತಾಯಿಯೇ ಕೈಬೀಸಿ ಕರೆದರು. ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಪರ್ಮಿಷನ್ನಿನ ಮಾತು ಬರಲಿಲ್ಲ. ಆಟೋಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಕೆಲಸ ಶುರುವಾಯಿತು.

ಗೇಟಿನಲ್ಲಿ ಎತ್ತರದ ಹೆಂಗಸೊಬ್ಬರು ನನ್ನ ಮುಂದೆ ನಿಂತು, ಮೊದಲು ನನ್ನ ಎಡಗೈ ಹೆಬ್ಬೆರಳನ್ನು ನೋಡಿದರು. ಗುರುದೇವಿಯವರೆಂದು ಯಾರೂ ಹೇಳಬೇಕಾಗಲಿಲ್ಲ.

"ಡಬ್ಬ ಎಲ್ಲಿ?" ಎಂದರು.

ಶುಭಕಾರ್ಯಕ್ಕೆ ಕರೆದ ಮನೆಗೆ ಬರಿಗೈಯಲ್ಲಿ ಹೋಗುವ ವಾಡಿಕೆ ನಮ್ಮಲ್ಲಿ ಇಲ್ಲವಲ್ಲ. ಬಂದವರೆಲ್ಲರ ಕೈಯಲ್ಲೂ ಒಂದೊಂದು ಬಟ್ಟೆಯ ಗಂಟು ಇತ್ತು. ಗಂಟಿನೊಳಗೆ ಬತ್ತಿ. ಒಬ್ಬರದು ನೂರು, ಒಬ್ಬರದು ಇನ್ನೂರು, ಆಕ್ಲೆಂಡಿನವರು ತಂಗಿಯ ಕೈಲಿ ಕಳುಹಿಸಿದ್ದು ಐವತ್ತು. ಎರಡು ತಿಂಗಳಿಂದ ನನ್ನ ಏಳನೆಯ ಡಬ್ಬವನ್ನು ಅವರೆಲ್ಲ ದಿನವೂ ನೋಡುತ್ತಿದ್ದರು. ಅದರ ತಳ ಮುಚ್ಚಿದ್ದಕ್ಕಿಂತ ಹೆಚ್ಚೇನೂ ತುಂಬಿರಲಿಲ್ಲ.

ಈ ಹೊತ್ತಿಗೆ ಯೋಗಾನಂದ ಮಹದೇವರನ್ನು ಕರೆದುಕೊಂಡು ಬಂದ. ಕಾರು ಬೀದಿಯೊಳಗೆ ಬರದೆ ಇಬ್ಬರೂ ನಡೆದು ಬಂದಿದ್ದರು. ಪರದೆಯಲ್ಲಿ ನಾಲ್ಕು ಸಾವಿರ ಜನರನ್ನು ತೋರಿಸಬೇಕಾಗಿದ್ದವನು, ಒಳಗೆ ಹೋಗಲು "ಸ್ವಲ್ಪ ಜಾಗ ಬಿಡಿ ಆಂಟಿ" ಎಂದು ಬೇಡುತ್ತಿದ್ದ. ಮೊಬೈಲಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನಮ್ಮ ವರಾಂಡದಲ್ಲಿದ್ದರು.

ಮಹದೇವ್ ಬಾಯಿಗೆ ಕೈಯಿಟ್ಟುಕೊಂಡು ನಿಂತರು. "ನಂದೇ ಮೂರು ಛತ್ರ ಐತೆ ಸಾರ್. ಊಟ ಹಾಕ್ತೀವಿ ಅಂದ್ರೂ ಇಷ್ಟು ಜನ ಟೈಮಿಗೆ ಬರಲ್ಲ. ಇವ್ರಿಗೆ ನೀವು ಏನ್ ಕೊಡ್ತೀರಾ?"

"ಏನೂ ಇಲ್ಲ. ಬೈಸಿಕೊಳ್ತೀನಿ" ಎಂದೆ.

ಅವರು ಯೋಗಾನಂದನ ಕಡೆ ತಿರುಗಿದರು. "ಇವ್ರಿಗೆ ಏನ್ ಮಾರ್ತೀಯಪ್ಪಾ ನೀನು?"

"ಹತ್ತಿ ಸಾರ್" ಎಂದ ಯೋಗಾನಂದ. "ಒಳ್ಳೆ ಹತ್ತಿ, ಮನೆ ಬಾಗಿಲಿಗೇ."

ಗುರುದೇವಿಯವರು ಎಣಿಸುತ್ತಿದ್ದ ಬತ್ತಿಯಿಂದ ತಲೆ ಎತ್ತಲಿಲ್ಲ. "ನಮ್ಮ ಹಿತ್ತಲಲ್ಲೇ ಗಿಡ ಇದೆ. ಬೇಕಾದ್ರೆ ನಿಮಗೇ ಕೊಡ್ತೀನಿ, ತಗೊಂಡು ಹೋಗಿ."

ಯೋಗಾನಂದ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತ. ಒಂದು ದೊಡ್ಡ ವ್ಯಾಪಾರದ ಅಡಿಪಾಯವನ್ನೇ ಗುರುದೇವಿಯವರ ಹಿತ್ತಲ ಗಿಡ ಅಲುಗಿಸಿಬಿಟ್ಟಿತ್ತು. ಮಹದೇವ್ ದುಡ್ಡು ಹಾಕುವ ಮಾತು ಬಿಟ್ಟು, ತಮ್ಮ ಛತ್ರಕ್ಕೆ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಕುರ್ಚಿ, ಜಮಖಾನ, ಅಡಿಗೆಯವರು, ದೊಡ್ಡ ಪಾತ್ರೆಯ ತುಂಬ ಕಾಫಿ ಬಂದವು. "ಇದ್ರಲ್ಲಿ ದುಡ್ಡು ಎಲ್ಲಿಂದ ಬರುತ್ತೋ ನಂಗೆ ತಿಳೀಲಿಲ್ಲ ಸಾರ್" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಆದ್ರೆ ಇಷ್ಟು ಜನ ಯಾಕೆ ಬಂದ್ರು ಅನ್ನೋದೂ ತಿಳೀಲಿಲ್ಲ. ಅದಕ್ಕೇ ಕಾಫಿ ಕೊಡೋಣ ಅನ್ನಿಸ್ತು."

ಮುನ್ನೂರ ಹನ್ನೆರಡು ಮನೆಯವರು ಬಂದಿದ್ದರೆಂದು ರಾಗಿಣಿ ಕೊಟ್ಟ ತಾಂಬೂಲದಿಂದ ಲೆಕ್ಕ ಸಿಕ್ಕಿತು. ಹಾಲಿನವರೂ ವಿಭೂತಿಯವರೂ ಬೇರೆಬೇರೆ ಜಮಖಾನದ ಮೇಲೆ ಕುಳಿತು, ತಂದದ್ದು ಸಾಲದೆ, ಅಲ್ಲಿಯೂ ಹೊಸೆದರು. ಏಳನೆಯ ಡಬ್ಬ ತುಂಬಿತು, ಎಂಟನೆಯದು ತುಂಬಿತು, ಒಂಬತ್ತನೆಯದೂ ತುಂಬಿತು. ದೀಪ ಹಚ್ಚುವ ಹೊತ್ತಿಗೆ ಹತ್ತನೆಯ ಡಬ್ಬದ ಮುಂದೆ ಗುರುದೇವಿಯವರೂ ತುಂಗಾ ಅವರೂ ಅಕ್ಕಪಕ್ಕ ಕುಳಿತು ಎಣಿಸುತ್ತಿದ್ದರು.

"ಒಂದು ಕಮ್ಮಿ" ಎಂದರು ಗುರುದೇವಿ, ನನ್ನ ಕಡೆ ಹತ್ತಿ ಚಾಚಿ.

ಮುನ್ನೂರು ಮನೆಯವರ ಮುಂದೆ ಕುಳಿತು ಹೊಸೆದೆ. ಹೆಬ್ಬೆರಳನ್ನು ಆದಷ್ಟು ಹಗುರ ಮಾಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಸೊಳ್ಳೆ ಥರಾನೇ ಇದೆ" ಎಂದರು. "ಇರ್ಲಿ, ಹಾಕಿ."

ಶುಕ್ರವಾರ ಹುಣ್ಣಿಮೆ. ಮುಸ್ಸಂಜೆಗೆ ಪುರೋಹಿತರು ಬಂದರು. ಒಂದು ಲಕ್ಷ ಬತ್ತಿಯನ್ನೂ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಹಚ್ಚಿದೆವು. ಆ ಉರಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಪುಟ್ಟಲಕ್ಷ್ಮಿಯ ಮೂಗುತಿ ಹೊಳೆದದ್ದನ್ನು ಮಾತ್ರ ನೋಡಿದೆ.

ಶನಿವಾರ ಎಂದಿನಂತೆ ಐದೂವರೆಗೆ ಎಚ್ಚರವಾಯಿತು. ಮಾಡಲು ಕೆಲಸವಿರಲಿಲ್ಲ. ಹತ್ತು ಡಬ್ಬವೂ ಖಾಲಿ. ಬಳಗದವರಿಗೆ ಕೃತಜ್ಞತೆ ಹೇಳಿ ಮುಗಿಸೋಣವೆಂದು ಷರ್ಟು ಹಾಕಿಕೊಂಡು ಕುಳಿತು, ಒತ್ತಿದೆ. "ನನ್ನ ಹೆಂಡತಿಯ ಸಂಕಲ್ಪ ನಿಮ್ಮಿಂದ ಪೂರ್ಣವಾಯಿತು. ಇನ್ನು ನನ್ನದೇನೂ ಬಾಕಿಯಿಲ್ಲ" ಎಂದು ಕೈ ಮುಗಿದೆ.

ಕೆಳಗಿನಿಂದ ಅಕ್ಷರಗಳು ಎದ್ದವು. ಗುರುದೇವಿಯವರದು.

"ಬಾಕಿ ಇಲ್ಲ ಅಂದ್ರೆ ಹೇಗೆ? ಮುಯ್ಯಿ ಯಾರು ತೀರಿಸ್ತಾರೆ?"

ಒಬ್ಬರ ಮನೆಯ ಕಾರ್ಯಕ್ಕೆ ನಾಲ್ಕು ಜನ ತಂದುಕೊಟ್ಟರೆ, ಅವರ ಮನೆಯ ಕಾರ್ಯಕ್ಕೆ ನಾವು ಹಿಂದಿರುಗಿಸುವುದೇ ಮುಯ್ಯಿ. ಇದು ಮರೆತು ಹೋಗಿತ್ತೆಂದು ನಾಚಿಕೆಯಾಯಿತು.

"ಮುನ್ನೂರ ಹನ್ನೆರಡು ಮನೆ" ಎಂದು ಬರೆದರು ಅವರು. "ತಂದಷ್ಟೇ ಕೊಡೋದು ಮರ್ಯಾದೆ ಅಲ್ಲ. ಮನೆಗೆ ಸಾವಿರ. ಎಲ್ಲಾ ನಿಮ್ಮ ಕೈಯಿಂದಲೇ ಆಗಬೇಕು. ನೀವು ದಿನಾ ಫೋಟೋ ಮುಂದೆ ಏನ್ ಹೇಳ್ತೀರೋ ನಾವೂ ಕೇಳಿಸ್ಕೊಂಡಿದೀವಿ. ಹತ್ತಿ ತಗೊಳಿ."

ಪಂಚಾಂಗದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಮೂರು ಲಕ್ಷದ ಹನ್ನೆರಡು ಸಾವಿರ. ದಿನಕ್ಕೆ ನಲವತ್ತರಂತೆ ಇಪ್ಪತ್ತೊಂದು ವರ್ಷ ನಾಲ್ಕು ತಿಂಗಳು. ಎಪ್ಪತ್ತನಾಲ್ಕಕ್ಕೆ ಕೂಡಿಸಿದರೆ ತೊಂಬತ್ತೈದು. ತಪ್ಪಾಗಿರಬೇಕೆಂದು ಇನ್ನೊಮ್ಮೆ ಕೂಡಿಸಿದೆ. ಸರಿಯಾಗಿಯೇ ಇತ್ತು.

ಬೆರಳನ್ನು ಹಾಲಿನಲ್ಲಿ ಅದ್ದಿ, ಹಿಂದಕ್ಕೆ ತಿರುಗಿ ಫೋಟೋ ನೋಡಿದೆ.

"ನಾನು ಬರೋದು ಸ್ವಲ್ಪ ತಡ ಆಗುತ್ತೆ ಕಣೇ" ಎಂದೆ.